ಕೆನೆಯಿಲ್ಲ, ಜೆಲಟಿನ್ ಇಲ್ಲ: ಮೈಸೂರಿನ ಅಡುಗೆಮನೆಯಲ್ಲಿ ಫ್ರೆಂಚ್ ಮೂಸ್

ಕಳೆದ ಏಪ್ರಿಲ್‌ನಲ್ಲಿ ಒಂದು ಹುಟ್ಟುಹಬ್ಬಕ್ಕೆ 70 ಕಪ್ ಚಾಕೊಲೇಟ್ ಮೂಸ್ (ನೊರೆಯಂತೆ ಹಗುರಾದ ತಣ್ಣನೆಯ ಸಿಹಿ) ಮಾಡಿಕೊಟ್ಟೆ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಕುವೆಂಪುನಗರದಿಂದ ವಿಜಯನಗರಕ್ಕೆ ಆಟೊದಲ್ಲಿ ಸಾಗಿಸಿದ್ದು. ಅವರ ಮನೆಯ ಫ್ರಿಜ್ ತುಂಬಿಹೋಗಿತ್ತು. ಕಪ್ಪುಗಳು ಮುಕ್ಕಾಲು ಗಂಟೆ ಮೇಜಿನ ಮೇಲೆಯೇ ಕುಳಿತವು. ಒಂದೂ ಕುಸಿಯಲಿಲ್ಲ, ಒಂದರ ತಳದಲ್ಲೂ ನೀರು ಕಾಣಲಿಲ್ಲ. ಅದರಲ್ಲಿದ್ದದ್ದು ಚಾಕೊಲೇಟ್, ಮೊಟ್ಟೆ, ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ, ಸ್ವಲ್ಪ ನಿಂಬೆರಸ, ಜೊತೆಗೆ ನಾನು ಹೆಸರು ಹೇಳದ ಇನ್ನೊಂದು ವಸ್ತು ಚೂರು. ವಿಪ್ಪಿಂಗ್ ಕ್ರೀಮ್ ಇಲ್ಲ, ಬೆಣ್ಣೆ ಇಲ್ಲ, ಗಟ್ಟಿಯಾಗಲೆಂದು ಹಾಕುವ ಜೆಲಟಿನ್ ಇಲ್ಲ, ಅಗರ್ ಅಗರ್ ಕೂಡ ಇಲ್ಲ.

ನಮ್ಮ ಹೋಂ ಬೇಕರ್‌ಗಳ ಬಳಗದಲ್ಲಿ, ಫ್ರಾನ್ಸಿನವರಂತೆ ಕೆನೆಯಿಲ್ಲದೆ ಮೊಟ್ಟೆಯಿಂದಲೇ ಮೂಸ್ ಮಾಡುವ ಮಾತು ತೆಗೆದಾಗಲೆಲ್ಲ "ಅದು ಅಲ್ಲಿಗೆ ಸರಿ, ನಮ್ಮ ಊರಿಗೆ ಆಗುವುದಿಲ್ಲ" ಎಂಬ ಉತ್ತರ ಬರುತ್ತಿತ್ತು. ಕಾರಣಗಳೂ ಸಿದ್ಧವಾಗಿದ್ದವು: ನಮ್ಮ ಮೊಟ್ಟೆ ಹಸಿಯಾಗಿ ತಿನ್ನುವಂಥದ್ದಲ್ಲ, ಬಿಸಿ ಮಾಡಿದರೆ ಮೊಟ್ಟೆಯ ಬಿಳಿ ಭಾಗ ನೊರೆಯಾಗಿ ಏಳುವುದಿಲ್ಲ, ಎದ್ದರೂ ನಮ್ಮ ಸೆಕೆಗೆ ನಿಲ್ಲುವುದಿಲ್ಲ. ಬೆಂಗಳೂರಿನ ಒಂದು ತರಗತಿಯಲ್ಲಿ ಕಲಿಸುತ್ತಿದ್ದವರಂತೂ ಎಲ್ಲರ ಮುಂದೆ, "ಮೇಡಂ, ಮೊಟ್ಟೆಯ ಮೂಸ್ ಇಲ್ಲಿ ಪುಸ್ತಕದಲ್ಲಿ ಮಾತ್ರ" ಎಂದಿದ್ದರು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಫೋಲ್ಡ್ ಮಾಡುವುದು (ನೊರೆ ಒಡೆಯದಂತೆ ಮೆಲ್ಲಗೆ ಮಡಚಿ ಬೆರೆಸುವುದು), ಡಬಲ್ ಬಾಯ್ಲರ್ ಇಡುವುದು (ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕಾಯಿಸುವುದು) ನಿಮಗೆಲ್ಲ ಗೊತ್ತಿರುವ ಕೆಲಸ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ನಾನು ಇದನ್ನು ಕಲಿತದ್ದು ಫ್ರಾನ್ಸಿನ ಲಿಯಾನ್‌ನಲ್ಲಿ. ಯಜಮಾನರ ಕೆಲಸದ ನಿಮಿತ್ತ 2016ರಿಂದ ಮೂರು ವರ್ಷ ಅಲ್ಲಿದ್ದೆವು. ಮನೆ ಕ್ರುವಾ ರೂಸ್ ಗುಡ್ಡದ ಮೇಲೆ. ಅದು ಹಿಂದೆ ರೇಷ್ಮೆ ನೇಕಾರರು ಇದ್ದ ಬಡಾವಣೆ; ಜಕಾರ್ಡ್ ಮಗ್ಗ ನಿಲ್ಲಿಸಲೆಂದು ಕಟ್ಟಿದ ಆ ಮನೆಗಳ ಚಾವಣಿ ಬಹಳ ಎತ್ತರ, ಚಳಿಗಾಲದಲ್ಲಿ ಎಷ್ಟು ಹೀಟರ್ ಹಾಕಿದರೂ ಬೆಚ್ಚಗಾಗುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಇದ್ದರು. ಭಾನುವಾರ ಮೊಮ್ಮಕ್ಕಳು ಬರುತ್ತಾರೆಂದು ಶನಿವಾರ ಸಂಜೆಯೇ ಮೂಸ್ ಮಾಡಿ ದೊಡ್ಡ ಗಾಜಿನ ಬಟ್ಟಲಿನಲ್ಲಿ ಇಡುತ್ತಿದ್ದರು. ಕಪ್ಪುಗಳಲ್ಲಿ ಚೆಂದ ಮಾಡಿ ಹಾಕುವುದು, ಮೇಲೆ ಅಲಂಕಾರ, ಅವೆಲ್ಲ ಅವರಿಗೆ ಗೊತ್ತೇ ಇರಲಿಲ್ಲ. ಬಟ್ಟಲು ಮೇಜಿನ ನಡುವೆ ಬರುತ್ತದೆ, ದೊಡ್ಡ ಚಮಚದಲ್ಲಿ ಎಲ್ಲರೂ ಬಡಿಸಿಕೊಳ್ಳುತ್ತಾರೆ. ಅಲ್ಲಿನ ಸಣ್ಣ ಹೋಟೆಲುಗಳಲ್ಲೂ ಹೀಗೆ ಬಟ್ಟಲನ್ನೇ ಮೇಜಿಗೆ ತಂದಿಟ್ಟದ್ದನ್ನು ನೋಡಿದ್ದೇನೆ.

ಅವರ ವಿಧಾನದಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಅಂಗಡಿಯಲ್ಲಿ ಸಿಗುವ ಅಡುಗೆ ಚಾಕೊಲೇಟಿನ ಹೊದಿಕೆಯ ಹಿಂದೆಯೇ ಅದು ಅಚ್ಚಾಗಿರುತ್ತದೆ: 200 ಗ್ರಾಂ ಚಾಕೊಲೇಟ್, 6 ಮೊಟ್ಟೆ, ಚಿಟಿಕೆ ಉಪ್ಪು. ಆ ದೇಶದ ಮಕ್ಕಳು ಮೊದಲು ಕಲಿಯುವ ಸಿಹಿ ಬಹುಶಃ ಇದೇ. ಅವರ ಎಚ್ಚರವೆಲ್ಲ ಮೊಟ್ಟೆಯ ಮೇಲೆ. ಅಲ್ಲಿ ಪ್ರತಿ ಮೊಟ್ಟೆಯ ಚಿಪ್ಪಿನ ಮೇಲೂ ಅಂಕಿ ಒತ್ತಿರುತ್ತಾರೆ. 0 ಎಂದರೆ ಸಾವಯವ, 1 ಎಂದರೆ ಹೊರಗೆ ಮೇಯುವ ಕೋಳಿಯದು, 2 ಎಂದರೆ ಪಂಜರವಿಲ್ಲದೆ ಕೊಟ್ಟಿಗೆಯೊಳಗೆ ಸಾಕಿದ್ದು, 3 ಪಂಜರದ್ದು. ಇಟ್ಟು 9 ದಿನ ದಾಟದ ಮೊಟ್ಟೆಗೆ "ಬಹಳ ತಾಜಾ" ಎಂಬ ಬೇರೆ ಹಣೆಪಟ್ಟಿ ಇದೆ. ಅಜ್ಜಿ ಕನ್ನಡಕ ಏರಿಸಿ ಅಂಕಿ, ತಾರೀಖು ಎರಡನ್ನೂ ಓದಿಯೇ ಒಡೆಯುತ್ತಿದ್ದರು. ಮೊಟ್ಟೆಯ ಬಿಳಿಯನ್ನು ಕಡೆದ ನೊರೆಯನ್ನು ಅವರು ಹಿಮ ಎಂದೇ ಕರೆಯುತ್ತಿದ್ದರು. ಕಡೆಯುವ ತಂತಿಯನ್ನು ಎತ್ತಿದಾಗ ನೊರೆಯ ತುದಿ ಹಕ್ಕಿಯ ಕೊಕ್ಕಿನಂತೆ ಬಾಗಬೇಕು, ನೆಟ್ಟಗೆ ನಿಂತರೆ ಹೆಚ್ಚಾಯಿತು ಎಂದರ್ಥ. ಇದೊಂದನ್ನು ಮೂರು ವರ್ಷವೂ ನನಗೆ ಹೇಳಿಕೊಟ್ಟರು.

ವಾಪಸು ಬರುವ ಮೊದಲು ರೈಲಿನಲ್ಲಿ ತ್ಯಾಂ ಲೆರ್ಮಿತಾಜ್‌ಗೆ ಹೋಗಿಬಂದೆವು. ಲಿಯಾನ್‌ನಿಂದ ದಕ್ಷಿಣಕ್ಕೆ, ರೋನ್ ನದಿಯ ದಂಡೆಯ ಪುಟ್ಟ ಊರು. 1922ರಲ್ಲಿ ಶುರುವಾದ ವಾಲ್ರೋನಾ ಚಾಕೊಲೇಟ್ ಕಂಪನಿ ಅಲ್ಲಿಯದು. ಅವರ 70 ಶೇಕಡಾ ಕೊಕ್ಕೊದ ಗ್ವಾನಾಜಾ ಎಂಬ ಚಾಕೊಲೇಟ್ ಬಂದದ್ದು 1986ರಲ್ಲಿ ಎಂದು ಅಲ್ಲಿ ಓದಿದಾಗ ನನಗೆ ರೋಮಾಂಚನವಾಯಿತು. ನನ್ನ ತವರು ಪುತ್ತೂರಿನ ಕಡೆ. ಅಲ್ಲಿ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಶುರುವಾದದ್ದೂ ಅದೇ 1986ರಲ್ಲಿ. ಅಡಿಕೆ ಮರಗಳ ನೆರಳಿನಲ್ಲಿ ಅಪ್ಪ ಬೆಳೆಸಿದ ಕೊಕ್ಕೊ ಹಣ್ಣನ್ನು ಒಡೆದು, ಬೀಜದ ಸುತ್ತ ಇರುವ ಬಿಳಿ ತಿರುಳನ್ನು ಚೀಪಿಕೊಂಡೇ ನಾವು ಬೆಳೆದದ್ದು. ಅದರಿಂದ ಮೂಸ್ ಆಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು!

2020ರ ಲಾಕ್‌ಡೌನ್‌ನಲ್ಲಿ ಎಲ್ಲರಂತೆ ನಾನೂ ಕೇಕ್ ಮಾರಲು ಶುರುಮಾಡಿದೆ. ಮೂಸ್‌ಗೆ ಕೈ ಹಾಕಿದ್ದು 2023ರ ಕೊನೆಗೆ. ಮೊದಲನೆಯ ಸೋಲು ಕಾಂಪೌಂಡ್‌ನಿಂದ, ಅಂದರೆ ಕೊಕ್ಕೊ ಬೆಣ್ಣೆಯ ಬದಲು ಬೇರೆ ಗಟ್ಟಿ ಎಣ್ಣೆ ಹಾಕಿದ ಚಾಕೊಲೇಟಿನಿಂದ. ಕೇಕಿಗೆ ತಂದಿದ್ದ ಡಾರ್ಕ್ ಕಾಂಪೌಂಡ್ ಎರಡು ಕಿಲೋ ಮನೆಯಲ್ಲಿತ್ತು, ಅದನ್ನೇ ಹಾಕಿದೆ. ಗಟ್ಟಿಯೇನೋ ಆಯಿತು, ಆದರೆ ನಾಲಿಗೆಯ ಮೇಲೆ ಕರಗಲಿಲ್ಲ. ಅಂಗುಳಕ್ಕೆ ಮೇಣ ಮೆತ್ತಿದಂತಾಯಿತು. ಕೊಕ್ಕೊ ಬೆಣ್ಣೆ ಬಾಯಿಯ ಬಿಸಿಗೇ ಕರಗುವಂಥದ್ದು, ಕಾಂಪೌಂಡಿನ ಗಟ್ಟಿ ಎಣ್ಣೆ ಹಾಗಲ್ಲ. ಕೇಕಿನ ಮೇಲಿನ ತೆಳುಪದರದಲ್ಲಿ ಇದು ಗೊತ್ತಾಗುವುದಿಲ್ಲ, ಮೂಸ್‌ನಲ್ಲಿ ಮುಚ್ಚಿಡಲು ಆಗುವುದೇ ಇಲ್ಲ. ಅಂದಿನಿಂದ ಕೂವರ್ಚರ್ (ಕೊಕ್ಕೊ ಬೆಣ್ಣೆಯೇ ಇರುವ ಅಸಲಿ ಚಾಕೊಲೇಟ್) ಬಿಟ್ಟು ಬೇರೆ ಮುಟ್ಟಿಲ್ಲ. ಕೊಕ್ಕೊ 55ರಿಂದ 64 ಶೇಕಡಾದ ಒಳಗಿರುವುದು ಸಾಕು. 70 ಹಾಕಿದರೆ ಮೂಸ್ ಒಣಗಿದ ಹಾಗೆ ಆಗುತ್ತದೆ, ನಮ್ಮವರಿಗೆ ಕಹಿಯೂ ಹೆಚ್ಚು. ಯಾರ ಚಾಕೊಲೇಟ್ ಎಂದು ಕೇಳಬೇಡಿ. ಆರು ಕಡೆಯದನ್ನು ತರಿಸಿ ನೋಡಿ ಒಂದನ್ನು ಆರಿಸಿಕೊಂಡಿದ್ದೇನೆ, ಅದು ನನ್ನ ದುಡ್ಡಿನ ಪಾಠ.

ಎರಡನೆಯ ಸೋಲು ಎಲ್ಲರಿಗೂ ಆಗುವಂಥದ್ದು: ಫ್ರಿಜ್‌ನಿಂದ ತೆಗೆದ ಮೊಟ್ಟೆಯ ತಣ್ಣನೆಯ ಹಳದಿಯನ್ನು ಕರಗಿದ ಚಾಕೊಲೇಟಿಗೆ ಹಾಕಿದ್ದು. ಕಣ್ಣೆದುರೇ ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಯಿತು. ಬಿಸಿನೀರು ಹಾಕಿ ಸರಿಮಾಡಲು ಹೋಗಿ ಇನ್ನೂ ಕೆಟ್ಟಿತು. 400 ಗ್ರಾಂ ಹೋಯಿತು. ಇವೆಲ್ಲ ಚಿಕ್ಕವು.

ದೊಡ್ಡ ತೊಡಕು ಮೊಟ್ಟೆಯೇ. ನಮ್ಮ ಅಂಗಡಿಯ ಮೊಟ್ಟೆಯ ಮೇಲೆ ಅಂಕಿಯಿಲ್ಲ, ತಾರೀಖಿಲ್ಲ. ಹಸಿಯಾಗಿ ಮಾಡಿ ಮನೆಯವರಿಗೆ ಕೊಡಲೂ ಧೈರ್ಯ ಸಾಲದು, ಮಾರುವ ಮಾತು ದೂರವೇ ಉಳಿಯಿತು. ಸ್ವಿಸ್ ಮೆರಾಂಗ್ ಮಾಡಬಹುದಲ್ಲ ಎಂದು ನೀವು ಕೇಳುತ್ತೀರಿ. ಮಾಡಿದೆ. ಬಿಳಿ ಮತ್ತು ಸಕ್ಕರೆಯನ್ನು ಆವಿಯ ಮೇಲೆ 71 ಡಿಗ್ರಿವರೆಗೆ ಕಾಯಿಸಿ ಕಡೆದರೆ ನೊರೆ ಗಟ್ಟಿಯಾಗಿ ಬರುತ್ತದೆ, ಆದರೆ ಅದಕ್ಕೆ ಬೇಕಾದ ಸಕ್ಕರೆ ಬಹಳ. ಬಾಯಿಗಿಟ್ಟರೆ ಮಾರ್ಷ್‌ಮೆಲೋ ತಿಂದಂತೆ ಜಿಗುಟು, ಚಾಕೊಲೇಟಿನ ಕಹಿ ಎಲ್ಲೋ ಹೋಗಿಬಿಡುತ್ತದೆ. ಹಳದಿಯನ್ನು ಬೇರೆ ಕಾಯಿಸಬೇಕು, ಅದು ಕಸ್ಟರ್ಡ್ ವಾಸನೆ ಕೊಡುತ್ತದೆ. ಅದು ಅಜ್ಜಿಯ ಮೂಸ್ ಅಲ್ಲವೇ ಅಲ್ಲ.

ಉಳಿದ ದಾರಿ ಒಂದೇ, ಮೊಟ್ಟೆಯನ್ನು ಚಿಪ್ಪಿನೊಳಗೇ ಪಾಶ್ಚರೀಕರಿಸುವುದು. 57 ಡಿಗ್ರಿ ನೀರಿನಲ್ಲಿ ಕನಿಷ್ಠ 75 ನಿಮಿಷ. ಹಸಿ ಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯುತ್ತದೆ, ಮೊಟ್ಟೆ ಬೇಯುವುದಿಲ್ಲ. 60 ದಾಟಿ 61, 62ಕ್ಕೆ ಹೋದರೆ ಬಿಳಿ ಹೆಪ್ಪುಗಟ್ಟಲು ಶುರು. ಅಂದರೆ ನಮಗೆ ಸಿಗುವ ಜಾಗ ಎರಡು ಮೂರು ಡಿಗ್ರಿಯಷ್ಟೇ. ಇದಕ್ಕೆಂದೇ ಇರುವ ಯಂತ್ರಕ್ಕೆ ಆಗ ಹನ್ನೊಂದೋ ಹನ್ನೆರಡೋ ಸಾವಿರ ಹೇಳಿದರು. ಅಷ್ಟು ಸುರಿಯಲು ಮನಸ್ಸಾಗಲಿಲ್ಲ. ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟು, ಉರಿ ಹೆಚ್ಚು ಕಡಿಮೆ ಮಾಡುತ್ತ ನಿಂತೆ. ಎರಡು ಸಲ 64ಕ್ಕೆ ಏರಿ 24 ಮೊಟ್ಟೆ ಅರೆಬೆಂದವು.

ಆಮೇಲೆ ಹೊಳೆದದ್ದು ಪ್ರವಾಸಕ್ಕೆಂದು ಕೊಂಡಿದ್ದ 20 ಲೀಟರಿನ ಐಸ್ ಬಾಕ್ಸ್. ತಂಪನ್ನು ಹಿಡಿದಿಡುವ ಪೆಟ್ಟಿಗೆ ಬಿಸಿಯನ್ನೂ ಹಿಡಿದಿಡುತ್ತದೆ. ಮೊದಲು ಒಂದು ಚೊಂಬು ಕುದಿನೀರು ಹಾಕಿ ಅಲುಗಾಡಿಸಿ ಪೆಟ್ಟಿಗೆಯ ಒಡಲನ್ನು ಬೆಚ್ಚಗೆ ಮಾಡಿ ಚೆಲ್ಲುತ್ತೇನೆ. ಆಮೇಲೆ 14 ಲೀಟರ್ ನೀರು, ಸುಮಾರು 61ರಿಂದ 62 ಡಿಗ್ರಿಯದು. ಹೊರಗಿಟ್ಟು ಕೋಣೆಯ ಬಿಸಿಗೆ ಬಂದ 30 ಮೊಟ್ಟೆಯನ್ನು ಬಲೆಚೀಲದಲ್ಲಿ ಹಾಕಿ ಇಳಿಬಿಟ್ಟರೆ ಹತ್ತು ನಿಮಿಷದಲ್ಲಿ ನೀರು 58ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಲೆಕ್ಕ. ಅರ್ಧ ಗಂಟೆಗೊಮ್ಮೆ ನೋಡಿ, 57.5ಕ್ಕೆ ಇಳಿಯುವ ಲಕ್ಷಣ ಕಂಡರೆ ಒಂದು ಲೋಟ ಬಿಸಿನೀರನ್ನು ಮೂಲೆಯಲ್ಲಿ ಹಾಕಿ ಕೈಯಾಡಿಸುತ್ತೇನೆ. ನಾನು 75ಕ್ಕೆ ನಿಲ್ಲಿಸುವುದಿಲ್ಲ, 100 ನಿಮಿಷ ಬಿಡುತ್ತೇನೆ. ಕೂದಲೆಳೆಯ ಬಿರುಕು ಇದ್ದ ಮೊಟ್ಟೆ ಬೇಡ. ಒಂದು ಸೋರಿದರೂ ನೀರೆಲ್ಲ ನಾರುತ್ತದೆ.

ಇಷ್ಟು ಮಾಡಿಯೂ ನಾನು ಬಿದ್ದದ್ದು ಎಲ್ಲಿ ಗೊತ್ತೇ? ಥರ್ಮಾಮೀಟರಿನಲ್ಲಿ. ಹೊಸದನ್ನು ತಂದು, ಸರಿಯಿದೆಯೇ ಎಂದು ಕುದಿಯುವ ನೀರಿಗೆ ಇಟ್ಟೆ. 97.5 ತೋರಿಸಿತು. ಎರಡೂವರೆ ಡಿಗ್ರಿ ಕಡಿಮೆ ತೋರಿಸುತ್ತದೆ ಎಂದುಕೊಂಡೆ. ಅದಕ್ಕೆ ಸರಿಯಾಗಿ 57 ಬೇಕಾದಾಗ 54.5 ತೋರಿಸುವಂತೆ ನೀರನ್ನು ಇಟ್ಟುಕೊಂಡೆ. ಮೊಟ್ಟೆಯ ಬಿಳಿ ನಾಲ್ಕೇ ನಿಮಿಷದಲ್ಲಿ ಹಿಮದಂತೆ ಎದ್ದಿತು. ಗೆದ್ದೆ ಎಂದು ಬಳಗಕ್ಕೆಲ್ಲ ಚಿತ್ರ ಕಳಿಸಿದೆ, 21 ಕಪ್ಪಿನ ಮೊದಲ ಆರ್ಡರ್ ಕೂಡ ಹಿಡಿದೆ. ಕಪ್ಪುಗಳನ್ನು ಕಳಿಸಬೇಕಿದ್ದ ಹಿಂದಿನ ರಾತ್ರಿ ಎದುರು ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ಬಂದಿದ್ದರು. ಥರ್ಮಾಮೀಟರಿನ ಕಥೆಯನ್ನು ಅವರಿಗೆ ಉತ್ಸಾಹದಿಂದ ಹೇಳುತ್ತಿದ್ದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಇದು ನಿಮ್ಮ ಮಂಗಳೂರಲ್ಲಮ್ಮ, ಮೈಸೂರು. ಇಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ" ಎಂದರು.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಇಲ್ಲಿ 97.5 ಎಂದರೆ ಅದೇ ಸರಿ! ಅವರೇ ಲೋಟದ ತುಂಬ ಐಸ್ ಪುಡಿ, ಸ್ವಲ್ಪ ನೀರು ಹಾಕಿ ಥರ್ಮಾಮೀಟರ್ ಇಡಿಸಿದರು. 0.2 ತೋರಿಸಿತು. ಅಂದರೆ ಉಪಕರಣದಲ್ಲಿ ದೋಷವೇ ಇರಲಿಲ್ಲ, ನನ್ನ ಮೊಟ್ಟೆಗಳು ನಿಜವಾಗಿ 54.5ರಲ್ಲೇ ಇದ್ದವು, ಅಂದರೆ ಹಸಿಯೇ. ಆ 21 ಕಪ್ಪನ್ನೂ ಅಂದು ರಾತ್ರಿಯೇ ಚೆಲ್ಲಿದೆ. 18 ಮೊಟ್ಟೆ, 600 ಗ್ರಾಂ ಕೂವರ್ಚರ್. ಬೆಳಿಗ್ಗೆ ಫೋನ್ ಮಾಡಿ ಕ್ಷಮೆ ಕೇಳಿ ಮುಂಗಡ ವಾಪಸು ಕೊಟ್ಟೆ. ಆ ಮನೆಯವರು ಮತ್ತೆ ಆರ್ಡರ್ ಕೊಟ್ಟಿಲ್ಲ. ಅದು ಇನ್ನೂ ಚುಚ್ಚುತ್ತದೆ. ಆದರೆ ಕಳಿಸಿಬಿಟ್ಟಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಸರಿಯಾದ 57.5ಕ್ಕೆ ಇಟ್ಟು ಮತ್ತೆ ಮಾಡಿದಾಗ ಬಳಗದವರು ಹೇಳಿದ್ದೇ ಆಯಿತು. ಒಡೆದರೆ ಬಿಳಿ ಹಾಲು ಬೆರೆಸಿದಂತೆ ಮಬ್ಬು, ಮಾಮೂಲಿಗಿಂತ ನೀರುನೀರು. ಐದು ನಿಮಿಷ ಕಡೆದರೂ ಸೋಪಿನ ನೊರೆಯಷ್ಟೇ. ಮೂರು ಸಲ ಹೀಗೆ ಆಯಿತು. "ನಾವು ಹೇಳಲಿಲ್ಲವಾ ಅಕ್ಕ" ಎಂದು ಒಬ್ಬಳು ಬರೆದಳು. ಯಜಮಾನರು ಕೂಡ "ಕ್ರೀಮ್ ಹಾಕಿ ಮಾಡಿಬಿಡು, ಯಾರಿಗೆ ಗೊತ್ತಾಗುತ್ತದೆ" ಎಂದರು. ನನಗೆ ಗೊತ್ತಾಗುತ್ತದಲ್ಲ!

ಆಗ ಹಟ ಬಂತು. ಒಂದು ಶನಿವಾರ ಮೂರು ಪಾತ್ರೆಯಲ್ಲಿ ತಲಾ ಆರು ಬಿಳಿ ಹಾಕಿ, ಗಡಿಯಾರ ನೋಡಿಕೊಂಡು 20 ನಿಮಿಷ ಆಗುವವರೆಗೆ ಯಾವುದನ್ನೂ ಬಿಡುವುದಿಲ್ಲ ಎಂದು ನಿಂತೆ. ಒಂದರಲ್ಲಿ ಬರಿಯ ಬಿಳಿ. ಇನ್ನೊಂದರಲ್ಲಿ ಒಂದು ಟೀ ಚಮಚ ನಿಂಬೆರಸ. ಮೂರನೆಯದು ಅತ್ತೆಯವರ ತಾಮ್ರದ ಅಗಲ ಬಟ್ಟಲು. ಫ್ರೆಂಚರು ಬಿಳಿ ಕಡೆಯಲು ತಾಮ್ರದ ಬಟ್ಟಲನ್ನೇ ಹಿಡಿಯುತ್ತಾರೆ. ತಾಮ್ರದ ಅಂಶ ಬಿಳಿಯ ಪ್ರೋಟೀನಿಗೆ ಸೇರಿ ನೊರೆಯನ್ನು ಒಡೆಯದಂತೆ ಹಿಡಿಯುತ್ತದೆ. ಅವರು ಬಟ್ಟಲನ್ನು ವಿನೆಗರ್, ಉಪ್ಪು ಹಾಕಿ ತಿಕ್ಕುತ್ತಾರೆ, ನಾನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಕೆಂಪಗೆ ಹೊಳೆಯಿತು. ಚೆನ್ನಾಗಿ ತೊಳೆದು ಒರೆಸಿ, ಕೈಯಿಂದಲೇ ಕಡೆಯುವ ಕೆಲಸವನ್ನು ಮಗನಿಗೆ ಕೊಟ್ಟೆ. ನಡುವೆ ನಾನು, ಮತ್ತೆ ಅವನು.

ಆರನೆಯ ನಿಮಿಷದಲ್ಲಿ ಮೂರೂ ನೀರುನೊರೆ. ಇಲ್ಲಿಯೇ ಎಲ್ಲರೂ ಕೈಚೆಲ್ಲುವುದು, ನಾನೂ ಮೂರು ಸಲ ಕೈಚೆಲ್ಲಿದ್ದು ಇಲ್ಲಿಯೇ. ಒಂಬತ್ತನೆಯ ನಿಮಿಷಕ್ಕೆ ತಾಮ್ರದಲ್ಲಿ ಕಡೆಯುವ ತಂತಿಯ ಹಾದಿ ಅಳಿಸದೆ ಉಳಿಯತೊಡಗಿತು, ಬಣ್ಣ ತುಸು ಕೆನೆಬಣ್ಣಕ್ಕೆ ತಿರುಗಿತು. ಹನ್ನೊಂದು ಹನ್ನೆರಡಕ್ಕೆ ನಿಂಬೆಯದು: ಬೀಟರಿನ ಸದ್ದು ಮೊದಲು ಬದಲಾಯಿತು, ಚಳಚಳ ಎನ್ನುತ್ತಿದ್ದದ್ದು ಮಂದವಾಯಿತು, ಆಮೇಲೆ ಪಾತ್ರೆಯ ಅಂಚಿನಿಂದ ನೊರೆ ಮಡಿಕೆ ಮಡಿಕೆಯಾಗಿ ಏರಿತು. ಎತ್ತಿದೆ. ತುದಿ ಬಾಗಿತು. ಹಕ್ಕಿಯ ಕೊಕ್ಕು! ಬರಿಯ ಬಿಳಿ ಹದಿನೇಳಕ್ಕೆ ಎದ್ದಿತು, ಹತ್ತು ನಿಮಿಷ ಇಟ್ಟರೆ ತಳದಲ್ಲಿ ನೀರು ಬಿಟ್ಟಿತು. ಬಿಸಿ ಮಾಡಿದ ಬಿಳಿ ಏಳುವುದಿಲ್ಲ ಎಂಬುದು ಸುಳ್ಳು. ಅದು ತಡವಾಗಿ ಏಳುತ್ತದೆ, ಅಷ್ಟೇ.

ತಾಮ್ರದ ಬಗ್ಗೆ ಎರಡು ಮಾತು. ಕಲಾಯಿ ಹಾಕಿಸಿದ ಪಾತ್ರೆ ಆಗುವುದಿಲ್ಲ, ತಾಮ್ರ ಬಿಳಿಗೆ ತಾಗಬೇಕು. ಅದರಲ್ಲಿ ನಿಂಬೆ ಹಾಕಬಾರದು, ಹುಳಿಗೆ ತಾಮ್ರ ಬಿಡುತ್ತದೆ. ಕಡೆದ ತಕ್ಷಣ ನೊರೆಯನ್ನು ಬೇರೆ ಪಾತ್ರೆಗೆ ತೆಗೆಯಬೇಕು. ಮನೆಯವರಿಗೆ ಮಾಡುವಾಗ ನಾನು ಇಂದಿಗೂ ಅದನ್ನೇ ಹಿಡಿಯುತ್ತೇನೆ. ಆ ನೊರೆಯ ನಯ ಬೀಟರಿನದಕ್ಕೆ ಬರುವುದಿಲ್ಲ. ಆರ್ಡರಿಗೆ ಮಾತ್ರ ಸ್ಟ್ಯಾಂಡ್ ಮಿಕ್ಸರ್, ನಿಂಬೆ, ನಡುವೇಗ. ಪೂರ್ಣ ವೇಗ ಕೊಟ್ಟರೆ ಬೇಗ ಏಳುತ್ತದೆ ಎಂದುಕೊಳ್ಳಬೇಡಿ. ದೊಡ್ಡ ಗುಳ್ಳೆ ಬರುತ್ತದೆ, ಚಾಕೊಲೇಟ್ ತಾಗಿದೊಡನೆ ಒಡೆಯುತ್ತದೆ. ಎಂಟನೆಯ ನಿಮಿಷದ ನಂತರ 6 ಬಿಳಿಗೆ ಎರಡು ಚಮಚ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತೇನೆ.

ಮಿಕ್ಕದ್ದು ನಿಮಗೆ ಗೊತ್ತಿರುವಂಥದ್ದೇ. ಚಾಕೊಲೇಟ್ 45ಕ್ಕೆ ಕರಗಿಸಿ 40ಕ್ಕೆ ಇಳಿಸಿ, ತಣ್ಣಗಿಲ್ಲದ ಹಳದಿಯನ್ನು ಒಂದೊಂದಾಗಿ ಬೆರೆಸುತ್ತೇನೆ. ನೊರೆಯ ಮೂರರಲ್ಲೊಂದು ಭಾಗವನ್ನು ದಯೆ ದಾಕ್ಷಿಣ್ಯವಿಲ್ಲದೆ ಕಲಸಿ ಸಡಿಲ ಮಾಡಿಕೊಂಡು, ಉಳಿದದ್ದನ್ನು ಎರಡು ಸಲಕ್ಕೆ ಫೋಲ್ಡ್ ಮಾಡುತ್ತೇನೆ. ನಮ್ಮ ಮೊಟ್ಟೆ ಅಲ್ಲಿಯದಕ್ಕಿಂತ ಚಿಕ್ಕದು, ಹಾಗಾಗಿ 200 ಗ್ರಾಂಗೆ ಒಂದು ಬಿಳಿ ಹೆಚ್ಚು ಹಾಕಿದರೂ ತಪ್ಪಿಲ್ಲ. ಚಾಕೊಲೇಟ್ ಕರಗುವಾಗ ಅದಕ್ಕೆ ಅರ್ಧ ಚಮಚ ಒಂದು ವಸ್ತು ಹಾಕುತ್ತೇನೆ, ಏಪ್ರಿಲ್ ಬಿಸಿಲಿಗೆ ಮೂಸ್ ಅಂಚು ಬಿಡದೆ ನಿಲ್ಲುವುದಕ್ಕೆ ಅದೂ ಒಂದು ಕಾರಣ. ಅದು ಏನೆಂದು ಹೇಳುವುದಿಲ್ಲ. ಅಡುಗೆಮನೆಯಲ್ಲಿ ಎಲ್ಲರ ಬಳಿಯೂ ಇರುವ ವಸ್ತುವೇ. ಫೋಲ್ಡ್ ಮಾಡುವಾಗ ಪಾತ್ರೆಯನ್ನು ಯಾವುದರ ಮೇಲೆ ಇಡುತ್ತೇನೆ ಎಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಮ್ಮ ಸೆಕೆಯ ಬಗ್ಗೆ ಎಲ್ಲರೂ ಹೆದರುತ್ತಾರಲ್ಲ, ನನ್ನ ಅನುಭವದಲ್ಲಿ ಅದು ಉಪಕಾರಿಯೇ. ಲಿಯಾನ್‌ನ ಜನವರಿಯಲ್ಲಿ ತಣ್ಣನೆಯ ನೊರೆ ತಾಗಿದ ಕೂಡಲೇ ಚಾಕೊಲೇಟ್ ಕಾಳುಕಾಳಾಗಿ ಹೆಪ್ಪುಗಟ್ಟುತ್ತಿತ್ತು, ಅಜ್ಜಿ ಅವಸರ ಅವಸರವಾಗಿ ತಿರುವುತ್ತಿದ್ದರು. ಇಲ್ಲಿ 29, 30 ಡಿಗ್ರಿಯ ಅಡುಗೆಮನೆಯಲ್ಲಿ ಆ ತೊಂದರೆಯೇ ಇಲ್ಲ, ನಿಧಾನವಾಗಿ ಮಡಚಬಹುದು. ಒಮ್ಮೆ ಫ್ರಿಜ್‌ನಲ್ಲಿ ರಾತ್ರಿಯಿಡೀ ಕುಳಿತು ಕೊಕ್ಕೊ ಬೆಣ್ಣೆ ಗಟ್ಟಿಯಾದರೆ ಆಮೇಲೆ ಬೇಗ ಜಗ್ಗುವುದಿಲ್ಲ. ಕೊಕ್ಕೊ ಬೆಣ್ಣೆ ಪೂರ್ತಿ ಕರಗುವುದು 34ರಿಂದ 36 ಡಿಗ್ರಿಗೆ. ಜೆಲಟಿನ್ ಇಲ್ಲದೆ ನಿಲ್ಲುವುದು ಹೇಗೆ ಎಂದು ಕೇಳಿದವರಿಗೆ ನನ್ನ ಉತ್ತರ ಇದೇ: ಒಳ್ಳೆಯ ಚಾಕೊಲೇಟಿನ ಒಳಗೇ ನಿಲ್ಲಿಸುವ ವಸ್ತು ಇದೆ, ಅದಕ್ಕೆ ದುಡ್ಡು ಕೊಟ್ಟಿರುತ್ತೀರಿ.

ಈ ನಡುವೆ ಬೇರೆ ಪ್ರಯೋಗಗಳೂ ಆದವು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎರ್ವೆ ತೀಸ್ 1995ರಲ್ಲಿ ಬರಿಯ ನೀರು ಮತ್ತು ಚಾಕೊಲೇಟಿನಿಂದ ನೊರೆ ಎಬ್ಬಿಸಿ ತೋರಿಸಿದರು. ಐಸಿನ ಮೇಲೆ ಪಾತ್ರೆ ಇಟ್ಟು ಕೆನೆಯಂತೆ ಕಡೆಯುವುದು. ನಾನು ನೀರಿನ ಬದಲು ಚಿಕರಿ ಹಾಕದ ಕೊಡಗಿನ ಕಾಫಿಯ ಡಿಕಾಕ್ಷನ್ ಹಾಕಿದೆ, 225 ಗ್ರಾಂಗೆ 200 ಮಿಲಿ ಲೀಟರ್. ಮೂರು ನಿಮಿಷದಲ್ಲಿ ಎದ್ದಿತು, ಘಮ ಅದ್ಭುತ. ಆದರೆ ಅರ್ಧ ನಿಮಿಷ ಹೆಚ್ಚು ಕಡೆದರೂ ತರಿತರಿ. ಕೆಟ್ಟರೆ ಕರಗಿಸಿ ಮತ್ತೆ ಕಡೆಯಬಹುದು ಎಂಬುದು ಅದರ ದೊಡ್ಡ ಗುಣ. ಮಾರುವುದಕ್ಕಲ್ಲ, ಮನೆಗೆ ನೆಂಟರು ಬಂದಾಗ ಅವರೆದುರೇ ಮಾಡಿ ಬಡಿಸುವುದಕ್ಕೆ ಇದಕ್ಕೆ ಸಮನಿಲ್ಲ.

ಅಮ್ಮ ಮೊಟ್ಟೆ ಮುಟ್ಟುವುದಿಲ್ಲ. ಅವರಿಗಾಗಿ ಕಾಬೂಲಿ ಕಡಲೆ ಬೇಯಿಸಿದ ನೀರು. ಕಾಳಿನ ನೀರು ಹೀಗೆ ನೊರೆಯೇಳುತ್ತದೆ ಎಂದು 2014ರಲ್ಲಿ ತೋರಿಸಿದವರೂ ಫ್ರಾನ್ಸಿನವರೇ, ಜೋಯೆಲ್ ರೋಸೆಲ್. ಕುಕ್ಕರಿನ ನೀರನ್ನು ಅರ್ಧಕ್ಕೆ ಬತ್ತಿಸಿ, ರಾತ್ರಿ ಫ್ರಿಜ್‌ನಲ್ಲಿಟ್ಟು, ನಿಂಬೆ ಹಾಕಿ ಕಡೆದರೆ ಮೊಟ್ಟೆಯ ಬಿಳಿಯನ್ನೂ ಮೀರಿಸುವ ನೊರೆ. ಚಾಕೊಲೇಟ್ ಸೇರಿದಾಗ ಅರ್ಧದಷ್ಟು ಇಳಿಯುತ್ತದೆ, ಸಾಂದ್ರವಾಗುತ್ತದೆ, ಆದರೂ ಮೂಸ್ ಎನ್ನಬಹುದು. ಅಮ್ಮ ಎರಡು ಕಪ್ ತಿಂದು, "ಕೊಕ್ಕೊ ಮಾರುವ ಬದಲು ಇದನ್ನೇ ಮಾಡಬಹುದಿತ್ತಲ್ಲೇ" ಎಂದರು. ತೊಗರಿಬೇಳೆಯ ಕಟ್ಟನ್ನೂ ಕಡೆದು ನೋಡಿದೆ, ಎಷ್ಟು ಚಾಕೊಲೇಟ್ ಹಾಕಿದರೂ ಸಾರಿನ ವಾಸನೆ ಹೋಗಲಿಲ್ಲ. ಬೆಲ್ಲದ ಪುಡಿಯಲ್ಲಿ ಪಸೆ ಇರುತ್ತದೆ, ನೊರೆ ಜೋತುಬೀಳುತ್ತದೆ, ಬಿಟ್ಟುಬಿಟ್ಟೆ.

ಇನ್ನು ದುಡ್ಡು. 2024ರಲ್ಲಿ ಹೊರದೇಶದ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 5,000 ಡಾಲರಿಗಿಂತ ಕೆಳಗಿದ್ದದ್ದು ವರ್ಷಾಂತ್ಯಕ್ಕೆ 12,000 ದಾಟಿತು. ತವರಿನಲ್ಲಿ ಅಪ್ಪನಿಗೆ ಹಬ್ಬ, ನನಗೆ ಸಂಕಟ. ಕಿಲೋಗೆ ಎಂಟುನೂರು ಚಿಲ್ಲರೆ ಕೊಟ್ಟು ತರುತ್ತಿದ್ದ ಕೂವರ್ಚರ್ ನನ್ನ ಕೈಗೆ 1,300ರ ಹತ್ತಿರ ಬೀಳತೊಡಗಿತು. ಆಗಿನ ಲೆಕ್ಕದಲ್ಲಿ 200 ಗ್ರಾಂಗೆ 260 ರೂಪಾಯಿ, 6 ಮೊಟ್ಟೆಗೆ 40ರಿಂದ 45, 7 ಕಪ್ ಮತ್ತು ಮುಚ್ಚಳಕ್ಕೆ 55. ಗ್ಯಾಸ್, ಕರೆಂಟ್, ನಿಂಬೆ, ಸಕ್ಕರೆ ಎಲ್ಲ ಸೇರಿ ಒಂದು ಕಪ್ಪಿಗೆ 55 ರೂಪಾಯಿ ಆಸುಪಾಸು. ನಾನು 120ಕ್ಕೆ ಕೊಡುತ್ತೇನೆ. ಕಾಂಪೌಂಡ್ ಮತ್ತು ವಿಪ್ಪಿಂಗ್ ಕ್ರೀಮಿನ ಕಪ್ 60, 70ಕ್ಕೆ ಸಿಗುತ್ತದೆ, ಅದಕ್ಕೆ ಅಸಲು 25 ಕೂಡ ಬೀಳುವುದಿಲ್ಲ. ಮೊದಲ ನಾಲ್ಕು ತಿಂಗಳು ವಾರಕ್ಕೆ ಹತ್ತು ಕಪ್ ಹೋಗುವುದೂ ಕಷ್ಟವಿತ್ತು. ಈಗ ವಾರಕ್ಕೆ 50ರಿಂದ 60. ಎರಡೂ ತಿಂದು ನೋಡಿದವರು ಮತ್ತೆ ಆ ಕಡೆ ಹೋಗಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಕಲಿಯುವುದಕ್ಕೆ ಸುರಿದದ್ದು, ಮೂರು ಥರ್ಮಾಮೀಟರ್, ಚೆಲ್ಲಿದ ಕಪ್ಪುಗಳು ಎಲ್ಲ ಸೇರಿ, ಇಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲ. ಅದು ಕಳೆದ ದೀಪಾವಳಿಗೆ ವಾಪಸು ಬಂತು.

ಬೆಂಗಳೂರಿನ ಆ ತರಗತಿಯವರು ಏಪ್ರಿಲ್ ಆರ್ಡರಿನ ಸುದ್ದಿ ಕೇಳಿ ಫೋನ್ ಮಾಡಿದ್ದರು. "ಮೇಡಂ, ನೀರು ಎಷ್ಟು ಡಿಗ್ರಿ, ಎಷ್ಟು ಹೊತ್ತು?" ಎಂದರು. ಹೇಳಿದೆ, ಇಲ್ಲಿ ಬರೆದಷ್ಟನ್ನೂ ಹೇಳಿದೆ. ಅರ್ಧ ಚಮಚದ ಆ ವಸ್ತುವನ್ನು ಮಾತ್ರ ಅವರಿಗೂ ಹೇಳಲಿಲ್ಲ. ನೀವು ಕೂಡ ಮೊಟ್ಟೆ ತರುವ ಮೊದಲು ಥರ್ಮಾಮೀಟರನ್ನು ಐಸ್ ನೀರಿಗೆ ಇಟ್ಟು ನೋಡಿ. ಬೆಂಗಳೂರು, ಹಾಸನ, ಮಡಿಕೇರಿಯವರು ಕುದಿಯುವ ನೀರನ್ನು ನಂಬಲೇಬೇಡಿ. ಇಷ್ಟೆಲ್ಲ ಮಾಡಿದರೂ ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಬೇಡ ಎಂದು ಮುಚ್ಚಳದ ಮೇಲೆ ಬರೆದೇ ಕಳಿಸುತ್ತೇನೆ. ಮಾಡಿದ ಮರುದಿನ ಮೂಸ್ ಅತ್ಯುತ್ತಮ, ಎರಡನೆಯ ದಿನವೂ ಚೆನ್ನ. ಮೂರನೆಯ ದಿನ ತಳದಲ್ಲಿ ಒಂದು ಚಮಚ ಕಂದು ನೀರು ಸೇರುತ್ತದೆ. ಅದನ್ನು ತಡೆಯುವ ದಾರಿ ಇನ್ನೂ ಸಿಕ್ಕಿಲ್ಲ, ಹಾಗಾಗಿ ಶುಕ್ರವಾರ ಮಾಡಿದ್ದನ್ನು ಭಾನುವಾರ ರಾತ್ರಿಯ ನಂತರ ಯಾರಿಗೂ ಕೊಡುವುದಿಲ್ಲ.